ಮಾವನ ಮಾಸ್ಕೂ ಅತ್ತೆಯ ಭರಣಿಯೂ

ಇವತ್ತಾದರೂ ಸಿಟ್ಟು ಬರದಿರಲಿ ಅಂತ ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿಯುತ್ತೇನೆ. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ನಮ್ಮ ಮನೆಯಲ್ಲಿ ಏನಾದರೊಂದು ಆಗಿಯೇ ಇರುತ್ತದೆ. ಎಲ್ಲಕ್ಕೂ ಮೂಲ ಮಾವನ ಮೂಗಿನ ಮೇಲಿನ ಮಾಸ್ಕು.

ಮಾವ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಬೀಡಿ ಸೇದಿ ಸೇದಿ ಎದೆ ಹಾಳುಮಾಡಿಕೊಂಡು, ಈಗ ಗಾಳಿಬೀಡು ಎಂಬ ಊರಿನ ನಮ್ಮ ಮನೆಯಲ್ಲಿ ಆಕ್ಸಿಜನ್ ಮಿಷನ್ ಪಕ್ಕ ಕೂತಿರುತ್ತಾರೆ. ಕಳೆದ ವರ್ಷ ಎದೆಗೆ ಸೋಂಕು ತಗಲಿ ಆಸ್ಪತ್ರೆ ಸೇರಿದ್ದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, "ಮಾಸ್ಕ್ ದಿನಾ ತೊಳೀರಿ, ಹಳೇದಾದ್ರೆ ಬದಲಾಯಿಸಿ. ಇನ್ನೊಂದು ಸಲ ಸೋಂಕಾದ್ರೆ ಉಳಿಸಿಕೊಡ್ತೇನೆ ಅಂತ ಹೇಳಕ್ಕಾಗಲ್ಲ" ಅಂದರು. ಅದನ್ನು ಮನೆಯಲ್ಲಿ ಹೇಳಿದರೆ ಅತ್ತೆ, "ಹೆದರಿಸದಿದ್ರೆ ಅವರು ಡಾಕ್ಟ್ರು ಹೇಗಾಗ್ತಾರೆ?" ಅಂದರು. ಹೆದರಿಕೊಂಡು ಬದುಕುವ ಕೆಲಸ ನನ್ನೊಬ್ಬಳ ಪಾಲಿಗೆ ಬಂತು.

ಒಲೆಯ ಮೇಲೆ

ಮಳೆಗಾಲದಲ್ಲಿ ನಮ್ಮಲ್ಲಿ ಕರ್ಚೀಫು ಒಣಗುವುದಕ್ಕೂ ದಿನಗಟ್ಟಲೆ ಬೇಕು. ಮಾಸ್ಕನ್ನು ಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ನೆರಳಲ್ಲಿ ಮೊಳೆಗೆ ತೂಗುಹಾಕಿದ್ದೆ. ಅತ್ತೆಗೆ ಕನಿಕರ ಬಂತು. ಒಲೆಯ ಮೇಲೆ ಹೊಗೆಗೆ ಕಟ್ಟಿದ್ದ ಹಂದಿಮಾಂಸದ ಪಕ್ಕ ಅದನ್ನೂ ಕಟ್ಟಿದರು!

ಹೊಗೆಯಿಂದ ಎದೆ ಕೆಟ್ಟವರ ಮಾಸ್ಕಿಗೇ ಹೊಗೆ. ನಾನು ಕೂಗಾಡುವಷ್ಟರಲ್ಲಿ ಮಾವ ಅದನ್ನು ಮೂಗಿಗೆ ಏರಿಸಿ ಕಣ್ಣುಮುಚ್ಚಿ ಕೂತಿದ್ದರು.

"ಬೇಡ ಮಾವ, ತೆಗೀರಿ ಅದನ್ನ!"

"ಇರು ಮಾರಾಯ್ತಿ," ಅಂದರು ಮಾವ. "ಇಷ್ಟು ದಿನದಲ್ಲಿ ಇವತ್ತೇ ಆಕ್ಸಿಜನ್ನಿಗೆ ಸ್ವಲ್ಪ ರುಚಿ ಬಂದದ್ದು."

ಒಳ್ಳೇದಕ್ಕೆ

ಆ ಮಾಸ್ಕನ್ನು ಬಿಸಾಡಿ ಪೇಟೆಯಿಂದ ಹೊಸದು ತಂದುಕೊಟ್ಟೆ. ಮರುದಿನ ನೋಡಿದರೆ ಮಾವನ ಮುಖದ ಮೇಲೆ ಅದಕ್ಕೂ ಮೊದಲಿನದು. ಹಳದಿಯಾಗಿ, ಗಟ್ಟಿಯಾಗಿ, ದಾರದ ಬದಲು ಲುಂಗಿಯ ಅಂಚು ಕಟ್ಟಿಸಿಕೊಂಡದ್ದು. ಯಾವ ಮೂಲೆಯಲ್ಲಿ ಬಚ್ಚಿಟ್ಟಿದ್ದರೋ.

"ಹೊಸದೆಲ್ಲಿ?"

"ಬೀರುವಲ್ಲಿ ಉಂಟು. ಇದು ಹರಿಯಲಿಲ್ಲವಲ್ಲ?"

ಬೀರು ತೆಗೆದೆ. ಅತ್ತೆಯ ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ಘಾಟಿನಲ್ಲಿ ಹೊಸ ಮಾಸ್ಕು ಮದುಮಗಳ ಹಾಗೆ ಮಲಗಿತ್ತು. ಯಾಕೆ ಅಂತ ಕೇಳಿದೆ. ನನ್ನ ದನಿ ಪಕ್ಕದ ತೋಟಕ್ಕೂ ಕೇಳಿರಬೇಕು.

"ನಾಪೋಕ್ಲಲ್ಲಿ ಮದುವೆ ಉಂಟಲ್ಲ," ಅಂದರು ಮಾವ. "ನಾಲ್ಕು ಜನರ ಎದುರು ಹಳೇದು ಹಾಕಿಕೊಂಡು ಹೋದರೆ ಸೊಸೆ ನೋಡಿಕೊಳ್ಳುವುದಿಲ್ಲ ಅಂತ ನಿನಗೇ ಹೇಳ್ತಾರೆ."

ನೆಂಟರ ಪಾಲು

ಜಗಳವಾಡಿ ಬೀರುವಿನ ಹೊಸ ಮಾಸ್ಕನ್ನೇ ಹಾಕಿಸಿದ ಮೇಲೆ, ಮಾವನನ್ನು ನೋಡಲು ಅಮ್ಮತ್ತಿಯಿಂದ ಅವರ ಷಡ್ಡಕರು ಬಂದರು. ಬಂದವರಿಗೆ ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ, "ಹೇಗಿರ್ತದೆ ನೋಡುವಾ" ಅಂತ ಕೈ ಚಾಚಿದರು. ಮಾವ ಎಲೆಅಡಿಕೆ ತಟ್ಟೆ ಕೊಡುವಷ್ಟು ಧಾರಾಳವಾಗಿ ಮಾಸ್ಕು ತೆಗೆದುಕೊಟ್ಟರು. ನಾನು ಅಡುಗೆಮನೆಯಿಂದ ಓಡಿಬರುವುದರೊಳಗೆ ಅವರು ಎರಡು ಸಲ ಎಳೆದಾಗಿತ್ತು.

ನೆಂಟರಲ್ಲವೇ, ಬೈಯುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು, "ಒಬ್ಬರದ್ದು ಇನ್ನೊಬ್ಬರು ಹಾಕಬಾರದು, ಚಿಕ್ಕಪ್ಪ" ಅಂದೆ.

ಅವರು ಮುಖ ಹುಳ್ಳಗೆ ಮಾಡಿ ಮಾಸ್ಕನ್ನು ಮಾವನಿಗೇ ತಿರುಗಿ ಕೊಟ್ಟರು. "ಹಾಕುವಂಥದ್ದು ಎಂತ ಉಂಟು ಇದರಲ್ಲಿ? ಬರೀ ಗಾಳಿ! ಇದಕ್ಕೆ ಕರೆಂಟ್ ಬೇರೆ ಸುಡ್ತೀರಾ?"

ವೈನು

ನೆಗಡಿ ಅಂಟಿದ ಆ ಮಾಸ್ಕೂ ಹೋಯಿತು. ಮತ್ತೊಂದು ತಂದು ಮೇಜಿನ ಮೇಲಿಟ್ಟು, ಸ್ನಾನ ಮಾಡಿ ಬರುವಷ್ಟರಲ್ಲಿ ಅದರ ಪೈಪ್ ಮಾಯ. ಮಾವನ ಮುಖದ ಮೇಲೆ ಮತ್ತೆ ಅದೇ ಲುಂಗಿ ಅಂಚಿನದು.

ಪೈಪ್ ಸಿಕ್ಕಿದ್ದು ಉಗ್ರಾಣದಲ್ಲಿ. ಅತ್ತೆ ಸ್ಟೂಲಿನ ಮೇಲೆ ಪ್ಯಾಶನ್ ಫ್ರೂಟ್ ವೈನಿನ ಭರಣಿ ಇಟ್ಟು, ಆ ಪೈಪಿನಿಂದ ಬಾಟಲಿಗೆ ಇಳಿಸುತ್ತಿದ್ದರು.

"ಅತ್ತೆ! ಅದು ಮಾವನ ಉಸಿರಿನ ಪೈಪ್!"

"ಗೊತ್ತು. ಅದಕ್ಕೇ ಹೊಸದು ತಗೊಂಡದ್ದು. ಹಳೇದರೊಳಗೆ ಎಂತೆಂತ ಕೂತುಂಟೋ!"

"ಆ ಹಳೇದೇ ಅವರ ಮೂಗಲ್ಲಿ ಉಂಟಲ್ಲ!"

"ಅವರು ಮನೆಯವರು," ಅಂದರು ಅತ್ತೆ, ಬಾಟಲಿಯಿಂದ ಕಣ್ಣೆತ್ತದೆ. "ವೈನು ಕುಡಿಯುವುದು ನೆಂಟರು. ಕೆಟ್ಟರೆ ನನ್ನ ಹೆಸರು ಹೋಗ್ತದೆ."

ನನಗೆ ಅಳುವೂ ಬಂತು, ಮೈಯೂ ಉರಿಯಿತು. ಈ ಭರಣಿಗೆ ಎಂಥ ಮಡಿ ಗೊತ್ತೇ? ಕೈ ತೊಳೆಯದೆ ಮುಟ್ಟುವ ಹಾಗಿಲ್ಲ. ಕುದಿಸಿ ಆರಿಸಿದ ನೀರಲ್ಲೇ ತೊಳೆಯಬೇಕು, ಒಂದು ಹನಿ ಪಸೆ ಉಳಿಯಬಾರದು, ಮೇಲೆ ಶುಭ್ರ ಬಟ್ಟೆ ಮುಚ್ಚಬೇಕು. ಆಸ್ಪತ್ರೆಯಲ್ಲಿ ನರ್ಸಮ್ಮ ಮಾಸ್ಕಿಗೆ ಹೇಳಿಕೊಟ್ಟ ಶುಚಿಯೆಲ್ಲ ಇವರಿಗೆ ಮೊದಲೇ ಗೊತ್ತಿತ್ತು! ಗಂಡನಿಗೆ ಮಾತ್ರ ಇಲ್ಲ.

"ಹಾಗಾದ್ರೆ ಮಾವನ ಎದೆಯಲ್ಲೂ ವೈನೇ ಇದೆ ಅಂದ್ಕೊಳ್ಳಿ!" ಅಂತ ಕಿರುಚಿದೆ. "ಒಂದು ಸಲ ಕೆಟ್ರೆ ಸರಿಮಾಡಕ್ಕಾಗಲ್ಲ. ಡಾಕ್ಟ್ರು ನನಗೆ ಹೇಳಿದ್ದು ಅಷ್ಟೇ!"

ಬಾಟಲಿ ತುಂಬಿ ಚೆಲ್ಲಿದ್ದೂ ಅತ್ತೆಗೆ ಗೊತ್ತಾಗಲಿಲ್ಲ. ನಾನು ಸಂಜೆಯೇ ಪೇಟೆಗೆ ಹೋಗಿ ಇನ್ನೊಂದು ತಂದೆ.

ಮರುದಿನ ಬೆಳಗ್ಗೆ ನಾನು ಏಳುವ ಮೊದಲೇ ಲುಂಗಿ ಅಂಚಿನದು ಕಸದ ಡಬ್ಬಿಯಲ್ಲಿತ್ತು. ಹೊಸದನ್ನು ತೊಳೆದು, ಪಸೆಯಿಲ್ಲದಂತೆ ಒರೆಸಿ, ಭರಣಿಗೆ ಮುಚ್ಚುವ ಬಿಳಿ ಬಟ್ಟೆಯ ಕೆಳಗೆ ಇಟ್ಟಾಗಿತ್ತು. ಮಾವ ಕೈ ಚಾಚಿದ್ದಕ್ಕೆ ಅತ್ತೆ ಪಟ್ಟನೆ ಹೊಡೆದು, "ಕೈ ತೊಳೆದದ್ದಾ?" ಅಂದರು. ತೊಳೆದು ಬಂದವರಿಗೆ ತಾವೇ ಮಾಸ್ಕು ತೊಡಿಸಿದರು.

ಮಾವ ಅದನ್ನು ಮೆಲ್ಲಗೆ ಎತ್ತಿ ನನಗೆ ಹೇಳಿದರು, "ನೋಡು, ಮದುವೆಯಾಗಿ ಇಷ್ಟು ವರ್ಷಕ್ಕೆ ನನಗೂ ಭರಣಿಯ ಮರ್ಯಾದೆ ಸಿಕ್ಕಿತು."

ಅತ್ತೆ ಮಾಸ್ಕನ್ನು ಒತ್ತಿ ಸರಿಯಾಗಿ ಕೂರಿಸಿದರು.

"ಮುಚ್ಚಳ ತೆಗೀಬೇಡಿ. ಗಾಳಿ ಹೊಕ್ಕರೆ ಹುಳಿ ಹಿಡೀತದೆ!"