ನಾಲ್ಕು ದೀಪ ಹತ್ತಿದ ಮಧ್ಯಾಹ್ನ

ನಮ್ಮ ಕಾಕಾನ ಎದುರು ದೇವರೇ ಪ್ರತ್ಯಕ್ಷನಾಗಿದ್ದರೂ ಆತ ವರ ಬೇಡುತ್ತಿರಲಿಲ್ಲ; ‘ನಿನ್ನ ತಲಿ ಹಿಂದಿನ ಬೆಳಕಿಗೆ ವೈರು ಎಲ್ಲಿಂದ ಎಳದೀಪಾ?’ ಎಂದು ಕೇಳುತ್ತಿದ್ದ! ಉತ್ಪ್ರೇಕ್ಷೆ ಅನ್ನುತ್ತೀರಾ? ನಮ್ಮಕ್ಕನ ಮದುವೆಯಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ಕಾಕಾ ನಾಪತ್ತೆ. ಹುಡುಕಿದರೆ ಮಂಟಪದ ಹಿಂದೆ ರೇಶಿಮೆ ಧೋತರದಲ್ಲಿ ಮೊಣಕಾಲೂರಿ ಕೂತು ಮೈಕಿನವನನ್ನು ಬೈಯುತ್ತಿದ್ದ. ‘ಇಷ್ಟು ವೈರು ದಂಡ ಮಾಡೀಯಲ್ಲ, ನಿನಗ ಮನಸ್ಸರ ಹ್ಯಾಂಗ ಬಂತೋ?’

ಕಾಕಾ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಇಲೆಕ್ಟ್ರಿಷಿಯನ್ ಆಗಿದ್ದವನು. ನಿವೃತ್ತನಾದ ಮೇಲೂ ಅಂಗಿ ಜೇಬಿನಲ್ಲಿ ಟೆಸ್ಟರು ಇಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ತೊಂಬತ್ತರ ದಶಕದ ನಡುವೆ ನಾನು ಪುಣೆಯಲ್ಲಿ ಓದುತ್ತ, ಅಲ್ಲಿಯ ಖಡಕಿ ಬಡಾವಣೆಯ ಅವನ ಮನೆಯಲ್ಲೇ ಇದ್ದೆ. ಮೂರು ಅಂತಸ್ತಿನ ಕಟ್ಟಡ, ಅಂತಸ್ತಿಗೆ ಮೂರು ಮನೆ; ಕೆಳಗಿನ ನಡುವಿನದು ನಮ್ಮದು.

ಆ ವರ್ಷ ನಮ್ಮ ಓಣಿಯಲ್ಲಿ ಹಾಡಹಗಲೇ ಎರಡು ಕಳ್ಳತನವಾದವು. ಹಗಲಲ್ಲಿ ಮನೆಯಲ್ಲಿರುವವರು ಹೆಂಗಸರು, ಮಕ್ಕಳು, ಮುದುಕರು. ಎಲ್ಲರೂ ಹೆದರಿದರು. ಕಾಕಾ ಮಾತ್ರ ಹಿಗ್ಗಿದ! ಪ್ರತಿ ಮನೆಗೂ ಒಂದು ಸ್ವಿಚ್ಚು, ನಮ್ಮ ಪಡಸಾಲೆಯಲ್ಲಿ ದೀಪದ ಹಲಗೆ, ಜೊತೆಗೊಂದು ಗಂಟೆ. ಆಪತ್ತಾದರೆ ಸ್ವಿಚ್ಚು ಒತ್ತಬೇಕು, ನಾವು ಓಡಬೇಕು.

‘ಒಂಬತ್ತು ಮನಿಗೆ ಒಂಬತ್ತು ದೀಪ ಅಂದ್ರ ಹತ್ತು ವೈರು ಬೇಕು. ನಾ ಏಳರಾಗ ಮುಗಸ್ತೀನಿ!’ ಎಂದ.

ಉಪಾಯ ಇಷ್ಟೇ. ಅಂತಸ್ತಿಗೊಂದರಂತೆ ಮೂರು ದೀಪ. ಎಡ, ನಡು, ಬಲ ಸಾಲಿಗೆ ಮೂರು ದೀಪ. ಒಂದೊಂದು ವೈರನ್ನೂ ಮೂರು ಮನೆಗಳು ಹಂಚಿಕೊಳ್ಳುತ್ತವೆ. ಮೇಲಿನ ದೀಪ ಮತ್ತು ಎಡದ ದೀಪ ಹತ್ತಿದರೆ ಆಪತ್ತು ಮೇಲಿನ ಎಡಮನೆಯಲ್ಲಿ. ಏಳನೆಯ ವೈರು ಎಲ್ಲರಿಗೂ ಒಂದೇ. ಮೂರು ವೈರು ಉಳಿಸಲು ಕಾಕಾ ಹತ್ತೊಂಬತ್ತು ದಿನ ಏಣಿಯ ಮೇಲೆ ಕಳೆದ.

ಕಾಕಾನ ಹೆಂಡತಿ, ನಮ್ಮ ಕಾಕು, ಚಹಾ ಕೊಡುತ್ತ ಕೇಳಿದಳು: ‘ಅಲ್ರೀ, ಇಬ್ಬರು ಒಮ್ಮಿಗೇ ಒತ್ತಿದ್ರ?’

‘ಒಂದ ಕಟ್ಟಡದಾಗ ಒಂದ ಹೊತ್ತಿಗೆ ಎರಡು ಆಪತ್ತು ಬರ್ತಾವೇನ? ಏನರೆ ಒಂದು ಮಾತಾಡ್ತಿ!’

ಮೊದಲ ವಾರ ಗಂಟೆ ಹೊಡೆದಾಗಲೆಲ್ಲ ಕಾಕಾ ಬಡಿಗೆ ಹಿಡಿದು ಮೆಟ್ಟಿಲು ಹತ್ತಿದ. ಒಮ್ಮೆ ಹಲ್ಲಿ, ಒಮ್ಮೆ ಜಿರಲೆ. ಮತ್ತೊಮ್ಮೆ ನಡುವಿನ ಅಂತಸ್ತಿನಾಕೆ ಬಾಗಿಲು ತೆರೆದು, ‘ಕಾಕಾ, ಖಾಲೀ ಪಾಣೀ ಆಲಂ ಕಾ?’ ಎಂದು ಕೆಳಗೆ ನೀರು ಬಂದಿದೆಯೇ ಅಂತ ವಿಚಾರಿಸಿದಳು! ಕಾಕಾ ಬಡಿಗೆಯನ್ನು ಬೆನ್ನ ಹಿಂದೆ ಮರೆಮಾಡಿ, ‘ಆಲಂ, ಆಲಂ’ ಎಂದು ಇಳಿದು ಬಂದ.

ಮೇ ತಿಂಗಳ ಒಂದು ಮಧ್ಯಾಹ್ನ ಗಂಟೆ ಹೊಡೆಯಿತು. ಮಲಗಿದ್ದ ಕಾಕಾ ಎದ್ದು ಹಲಗೆ ನೋಡಿದವನು ಹಾಗೇ ನಿಂತುಬಿಟ್ಟ. ನಾಲ್ಕು ದೀಪ ಹತ್ತಿದ್ದವು. ಕೆಳಗೆ, ಮೇಲೆ, ಎಡ, ಬಲ.

‘ಎರಡು ಮನಿ,’ ಎಂದ. ‘ಯಾವ ಎರಡೋ?’

ಮೊದಲು ಪಕ್ಕದ ಕೆಳಗಿನ ಎಡಮನೆಗೆ ನುಗ್ಗಿದೆವು. ಐದು ವರ್ಷದ ಹುಡುಗಿ ಸ್ಟೂಲಿನ ಮೇಲೆ ನಿಂತು ಸ್ವಿಚ್ಚಿಗೆ ಬೆರಳಿಟ್ಟು ನಗುತ್ತಿತ್ತು. ತಾಯಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಾಕಾ ಸ್ವಿಚ್ಚು ಆರಿಸಿದ. ‘ಇದು ಕೆಳಗಿನ ಎಡ. ಹಂಗಾರ ಇನ್ನೊಂದು ಮ್ಯಾಲಿನ ಬಲ! ನಡಿ!’

ಲೆಕ್ಕ ಸರಿಯಾಗಿಯೇ ಕಂಡಿತು. ಆದರೆ ಮೇಲಿನ ಬಲಮನೆಗೆ ಹೊರಗಿನಿಂದ ಬೀಗ! ಆ ಮನೆಯವರು ಬೆಳಿಗ್ಗೆಯೇ ಊರಿಗೆ ಹೋಗಿದ್ದರು. ಬೀಗ ಹಾಕಿದ ಮನೆಯೊಳಗೆ ಸ್ವಿಚ್ಚು ಒತ್ತಿದವರು ಯಾರು?

‘ಚೋರ!’ ಎಂದು ಯಾರೋ ಕೂಗಿದರು. ಲಟ್ಟಣಿಗೆ, ಕಸಬರಿಗೆ ಹಿಡಿದು ಜನ ಸೇರಿತು. ಕಾಕಾ ಬಾಗಿಲಿಗೆ ಕಿವಿಯಿಟ್ಟು ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದ. ಯಾರೂ ಸುಮ್ಮನಿರಲಿಲ್ಲ. ಒಬ್ಬರು ಬೀಗಕ್ಕೆ ಕಲ್ಲು ತಂದರು. ನನ್ನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಆಗ ಕೆಳಗಿನಿಂದ ಕಾಕುವಿನ ಕೂಗು: ‘ರೀ! ನಾಕೂ ದೀಪ ಇನ್ನೂ ಹಂಗ ಉರೀಲಿಕತ್ತಾವ್ರೀ!’

ಕಾಕಾ ಬಾಗಿಲಿನಿಂದ ಕಿವಿ ತೆಗೆದ. ಕೆಳಗಿನ ಎಡಮನೆಯ ಸ್ವಿಚ್ಚನ್ನು ತಾನೇ ಆರಿಸಿ ಬಂದಿದ್ದಾನೆ. ಆದರೂ ಎಡದ ದೀಪ ಉರಿಯುತ್ತಿದೆಯೆಂದರೆ ಆ ಸಾಲಿನಲ್ಲಿ ಇನ್ನೂ ಯಾರೋ ಒತ್ತಿದ್ದಾರೆ. ನಡುವಿನ ಅಂತಸ್ತಿನ ದೀಪ ಹತ್ತಿಲ್ಲ. ಉಳಿದದ್ದು ಒಂದೇ ಮನೆ, ಮೇಲಿನ ಎಡ.

‘ಆಜಿ!’ ಎಂದು ಚೀರಿ ಅದೇ ಅಂತಸ್ತಿನ ಇನ್ನೊಂದು ತುದಿಗೆ ಓಡಿದ. ಒಬ್ಬರೇ ಇರುವ ಮರಾಠಿ ಮುದುಕಿಯ ಮನೆ ಅದು. ಬಾಗಿಲು ಬರೀ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಆಜಿ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದಿದ್ದರು, ಬಲಗಾಲು ಅಡ್ಡಾದಿಡ್ಡಿ ಮಡಚಿತ್ತು. ಗೋಡೆಯ ಸ್ವಿಚ್ಚಿನವರೆಗೆ ತೆವಳಿ, ಊರುಗೋಲಿನ ತುದಿಯಿಂದ ಒತ್ತಿ, ಅಲ್ಲೇ ಒರಗಿದ್ದರು. ಬೀಗ ಹಾಕಿದ ಬಾಗಿಲಿನೆದುರು ನಾವು ಗದ್ದಲ ಹಾಕುತ್ತಿದ್ದಷ್ಟು ಹೊತ್ತೂ ಅವರು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರು!

ಕೆಳಗಿನ ದೀಪ, ಬಲದ ದೀಪ ಹತ್ತಿಸಿದ್ದು ಕೆಳಗಿನ ಬಲಮನೆ ಎಂಬುದು ಆಮೇಲೆ ತಿಳಿಯಿತು. ಅಲ್ಲಿಯೂ ಒಂದು ಪುಟ್ಟ ಹುಡುಗಿ. ಇಬ್ಬರೂ ಗೆಳತಿಯರು ‘ಒಂದು, ಎರಡು, ಮೂರು’ ಎಣಿಸಿ ಒಟ್ಟಿಗೆ ಒತ್ತುವ ಆಟವಾಡುತ್ತಿದ್ದರು.

ಆಜಿಯನ್ನು ಕುರ್ಚಿಯಲ್ಲಿ ಕೂಡಿಸಿ ಇಳಿಸಿ ರಿಕ್ಷಾದಲ್ಲಿ ದವಾಖಾನೆಗೆ ಒಯ್ದೆವು. ತೊಡೆಯ ಎಲುಬು ಮುರಿದಿತ್ತು. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಮರುದಿನದಿಂದಲೇ ಕಾಕಾ ಏಣಿ ಹತ್ತಿ ಹಂಚಿದ ವೈರನ್ನೆಲ್ಲ ಕಿತ್ತು, ಮನೆಗೊಂದು ವೈರು, ಮನೆಗೊಂದು ದೀಪ ಹಾಕಿದ. ಕಾಕು ತಮಾಷೆ ಮಾಡಲು ಬಾಯಿ ತೆರೆದವಳು, ಅವನ ಮುಖ ನೋಡಿ ಏಣಿ ಹಿಡಿದುಕೊಂಡಳು.

ಆಜಿ ಮನೆಗೆ ಬಂದ ದಿನ ಕಾಕಾ ಕಾಣಲಿಲ್ಲ. ಚಹಾಕ್ಕೆ ಕರೆಯಲು ಮೇಲೆ ಹೋದೆ. ಬಾಗಿಲು ತೆರೆದೇ ಇತ್ತು. ಆಜಿ ಮಂಚದ ಮೇಲೆ ಮಲಗಿದ್ದರು. ಕಾಕಾ ನೆಲದ ಮೇಲೆ ಕೂತು, ತಲೆ ತಗ್ಗಿಸಿ, ಮರಾಠಿಯಲ್ಲಿ ಏನೋ ತೊದಲುತ್ತಿದ್ದ. ತಪ್ಪಾಯಿತು ಎಂದದ್ದಷ್ಟೇ ನನಗೆ ಕೇಳಿತು.

ಆಜಿ ಕೈಚಾಚಿ ಅವನ ಬೋಳುತಲೆ ಸವರಿದರು. ‘ಅರೇ ವೇಡ್ಯಾ, ತುಝಾ ಆವಾಜ ಐಕತ ಹೋತೇ ಮೀ,’ ಎಂದರು. ಹುಚ್ಚಪ್ಪಾ, ನಿನ್ನ ದನಿ ಕೇಳುತ್ತಲೇ ಇದ್ದೆ. ಇವನು ಬಂದಿದ್ದಾನೆ, ಇನ್ನು ಹುಡುಕದೆ ಬಿಡುವವನಲ್ಲ ಅಂತ ಗೊತ್ತಿತ್ತು.

ಅರವತ್ತು ದಾಟಿದ ನಮ್ಮ ಕಾಕಾ ಮಂಚದ ಅಂಚಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಮೆಟ್ಟಿಲಿಳಿದೆ.