ಹಿರಿಯ ಕವಿಯೊಬ್ಬರು ಹೇಳಿದಂತೆ

ಪ್ರಬಂಧದ ನಡುವೆ ತನ್ನದೇ ಪದ್ಯ ತುರುಕುವ ಬುದ್ಧಿ ಪ್ರಭುರಾಜನಿಗೆ ಯಾಕೆ ಬಂತೋ ದೇವರೇ ಬಲ್ಲ. ಕೊಪ್ಪಳದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ ಆತ ಹದಿನೆಂಟು ವರ್ಷದಿಂದ ಪದ್ಯ ಬರೆಯುತ್ತಿದ್ದ. ಒಂದು ಸಾಲೂ ಎಲ್ಲೂ ಅಚ್ಚಾಗಿರಲಿಲ್ಲ. ಆ ದಿನ ಬೆಳಿಗ್ಗೆ ನೌಕರರಿಗೆ ‘ನೀರಿನ ಮಿತಬಳಕೆ’ ಕುರಿತು ಪ್ರಬಂಧ ಸ್ಪರ್ಧೆ. ಮೊದಲ ಬಹುಮಾನದ ಪ್ರಬಂಧವು ಬರೆದವರ ಹೆಸರು, ಫೋಟೊ ಸಮೇತ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತದೆ ಎಂದು ಸುತ್ತೋಲೆ ಬಂದಿತ್ತು. ಅವನಿಗೆ ಅಷ್ಟು ಸಾಕಾಯಿತು.

ಎರಡು ಪುಟ ಬರೆದು, ‘ನಾನೇ ಬರೆದಿರುವಂತೆ’ ಎಂದು ಪೀಠಿಕೆ ಹಾಕಿ ಪದ್ಯ ಇಳಿಸಿದ:

ಹನಿಯ ಕೇಳಿದೆ ನಾನು, ಯಾವೂರು ನಿನ್ನದು?
ಮೋಡದೂರೆಂದಿತು, ಬಾವಿಯೂರೆಂದಿತು.

ಪಕ್ಕದಲ್ಲಿ ಬರೆಯುತ್ತಿದ್ದ ಸಹೋದ್ಯೋಗಿ ಮುನವ್ವರ ಕತ್ತು ಉದ್ದ ಮಾಡಿ ನೋಡಿ ಹಣೆ ಬಡಿದುಕೊಂಡ.

“ಪ್ರಬಂಧದಾಗ ಯಾರರ ತಮ್ಮ ಪದ್ಯ ಹಾಕ್ತಾರೇನ್ರಿ? ತನ್ನ ಮದುವಿಗೆ ತಾನ ಅಕ್ಕಿಕಾಳು ಹಾಕ್ಕೊಂಡಂಗಾತು! ಸಾಲ್ಯಾಗ ಏನು ಕಲ್ಸ್ಯಾರ ನಿಮಗ? ‘ಹಿರಿಯ ಕವಿಯೊಬ್ಬರು ಹೇಳಿದಂತೆ’ ಅಂತ ಬರೀರಿ.”

“ಯಾವ ಕವಿ ಅಂತ ಕೇಳಿದ್ರ?”

“ಯಾರು ಕೇಳ್ತಾರ? ಕೇಳಿದ್ರ ತಮಗ ಗೊತ್ತಿಲ್ಲ ಅಂತ ಆಗತೈತಲ್ಲ!”

ಮಾತು ನಿಜವೆನಿಸಿತು. ಪ್ರಭುರಾಜ ತನ್ನನ್ನು ಹೊಡೆದು ಹಾಕಿ ಹಿರಿಯ ಕವಿಯನ್ನು ಕೂರಿಸಿದ.

ಮಧ್ಯಾಹ್ನ ಸಭೆ. ತೀರ್ಪುಗಾರರು ತಳಕಲ್ಲಿನ ನಿವೃತ್ತ ಕನ್ನಡ ಮಾಸ್ತರು ಈಶಪ್ಪನವರು. ಮೊದಲ ಬಹುಮಾನ ಪ್ರಭುರಾಜನಿಗೇ! ಆದರೆ ಮಾಸ್ತರರು ಅಷ್ಟಕ್ಕೆ ಬಾಯಿ ಮುಚ್ಚಬೇಕಲ್ಲ.

“ಪ್ರಬಂಧ ಸುಮಾರ ಐತಿ. ಬಹುಮಾನ ಕೊಟ್ಟಿದ್ದು ಆ ಎರಡು ಸಾಲಿಗೆ! ಆ ಹಿರಿಯರ ಬಾಯಿಂದನ ನಾನು ಕೇಳೀನ್ರಿ. ಈಗ ಅವರಿಲ್ಲ,” ಎಂದು ಕಣ್ಣೊರೆಸಿಕೊಂಡರು. ಸಭೆ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿತು.

ತನ್ನ ಸಾವಿಗೆ ತಾನೇ ಎದ್ದು ನಿಂತ ಪ್ರಭುರಾಜನಿಗೆ ತಡೆಯಲಾಗಲಿಲ್ಲ. “ಸರ, ಅದು ನಂದರೀ! ನಾನ ಬರದದ್ದು!”

ಮೇಲಧಿಕಾರಿ ಸುರೇಖಾ ಮೇಡಂ ಕೆಂಡವಾದರು. “ಸತ್ತವರ ಪದ್ಯಕ್ಕ ಕೈ ಹಾಕ್ತೀರೇನ್ರಿ? ನೀವ ‘ಹಿರಿಯ ಕವಿ’ ಅಂತ ಬರದೀರಿ!”

ಸಾಕ್ಷಿಗೆಂದು ಮುನವ್ವರನ ಕಡೆ ನೋಡಿದರೆ, ಆ ಪುಣ್ಯಾತ್ಮ ಬೆಂಚಿನ ಕೆಳಗೆ ಪೆನ್ನು ಹುಡುಕುತ್ತಿದ್ದ.

“ನಿಂದಾದ್ರ ಮುಂದಿನ ಸಾಲು ಹೇಳಪಾ,” ಎಂದರು ಮಾಸ್ತರರು.

“ಮುಂದ ಇಲ್ಲರೀ ಸರ. ಅದು ಅಷ್ಟ.”

“ಇಲ್ಲಂದ್ರ?” ಮಾಸ್ತರರು ಕಣ್ಣು ಮುಚ್ಚಿ ರಾಗವಾಗಿ ಹಾಡಿಯೇ ಬಿಟ್ಟರು:

ಹನಿಯ ಕೇಳಿದೆ ಮತ್ತೆ, ತವರಾವುದಮ್ಮಾ?
ಬಾಯಾರಿ ಬಂದವರ ಬೊಗಸೆಯೇ ಎಂದಿತು.

ಚಪ್ಪಾಳೆಗೆ ಕಿಟಕಿ ಗಾಜು ಅದುರಿದವು. ಅಯ್ಯೋ, ನನ್ನದಕ್ಕಿಂತ ಚೆನ್ನಾಗಿದೆಯಲ್ಲ ಎಂದು ಪ್ರಭುರಾಜನೂ ತಟ್ಟಿದ. ಬಹುಮಾನ ರದ್ದಾಯಿತು. ನಾಲ್ಕೂ ಸಾಲನ್ನು ‘ಹಿರಿಯ ಕವಿ’ಯ ಹೆಸರಲ್ಲೇ ಸಂಚಿಕೆಯಲ್ಲಿ ಹಾಕುವುದೆಂದು ಠರಾವಾಯಿತು. ಪದ್ಯ ಕದ್ದದ್ದಕ್ಕೆ ನಾಳೆ ಹನ್ನೊಂದರೊಳಗೆ ಲಿಖಿತ ವಿವರಣೆ ಕೊಡಿ ಎಂದರು ಮೇಡಂ.

ಮೆಟ್ಟಿಲ ಬಳಿ ಮಾಸ್ತರರು ಅವನ ತೋಳು ಹಿಡಿದು ಪಕ್ಕಕ್ಕೆಳೆದರು.

“ಸಿಟ್ಟಾಗಬ್ಯಾಡ ತಮ್ಮಾ. ಕೇಳೀನಿ ಅಂತ ಬಾಯಿಬಿಟ್ಟು ಸಿಕ್ಕೊಂಡೆ. ಕಡೀ ಎರಡು ಸಾಲು ನಿಂತಲ್ಲೇ ಕಟ್ಟಿದ್ದು. ನಲವತ್ತು ವರ್ಷ ಪದ್ಯ ಬರದೀನಿ, ಚಪ್ಪಾಳಿ ಬಿದ್ದದ್ದು ಇವತ್ತ ಮೊದಲ!” ಈ ಸಲ ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

“ಹಂಗಾದ್ರ ಒಳಗ ಬಂದು ಹೇಳ್ರೀ ಸರ, ಅದು ನಿಮ್ಮ ಪದ್ಯ ಅಂತ!”

“ಹುಚ್ಚ ಅದೀಯೇನು?” ಮಾಸ್ತರರು ಗಡಬಡಿಸಿ ಚಪ್ಪಲಿ ಮೆಟ್ಟಿಕೊಂಡರು. “ನಂದು ಅಂದ ಕೂಡ್ಲೇ ನನ್ನೂ ಕಳ್ಳ ಅಂತಾರ.”