ನನ್ನ ಎಮ್ಮೆ ಗ್ರೂಪಿನಲ್ಲಿಲ್ಲ

ಸರಕಾರ ಬಾಯಿ ಬಿಟ್ಟು ಮಾತಾಡುವುದನ್ನು ನಿಲ್ಲಿಸಿ ಬಹಳ ದಿನವಾಯಿತು. ಈಗ ಅದು ಬರೀ ಕಳಿಸುತ್ತದೆ. ಕಳಿಸಿದ್ದು ಮುಟ್ಟಿತೋ ಇಲ್ಲವೋ ಎಂದು ನೋಡಿಕೊಳ್ಳುವ ಕೆಲಸ ನಮ್ಮದು. ನನಗೆ ಓದಲು ಬರುವುದು ಬಸ್ಸಿನ ಬೋರ್ಡು ಮಾತ್ರ. ಅದೂ ನಾನು ‘ಯ’, ‘ರ’ ಎಂದು ಕೂಡಿಸುವಷ್ಟರಲ್ಲಿ ಯರಗಟ್ಟಿ ಬಸ್ಸು ಧೂಳೆಬ್ಬಿಸಿ ಹೋಗಿರುತ್ತದೆ.

ಮೊದಲು ನಮ್ಮೂರಲ್ಲಿ ಡಂಗುರವಿತ್ತು. ದುರಗಪ್ಪ ಹಲಗೆ ಬಾರಿಸುತ್ತ ಓಣಿಗೆ ಬಂದರೆ ನಾವು ಹೆಂಗಸರು ಅವನನ್ನು ಸುಮ್ಮನೆ ಮುಂದೆ ಬಿಡುತ್ತಿರಲಿಲ್ಲ. “ಎಷ್ಟೊತ್ತಿಗೆ? ಯಾರು ಬರತಾರ? ಹೋದ ಸಲಾನೂ ಹಿಂಗ ಹೇಳಿ ಬರಲಿಲ್ಲಲ್ಲೋ!” ಎಂದು, ಸರಕಾರಕ್ಕೆ ಸಲ್ಲಬೇಕಾದ ಬೈಗುಳವನ್ನೆಲ್ಲ ಅವನಿಗೆ ಸಲ್ಲಿಸಿ, ಚಹಾ ಕುಡಿಸಿ ಕಳಿಸುತ್ತಿದ್ದೆವು. ಈಗ ಪಂಚಾಯಿತಿಯ ವಾಟ್ಸಾಪ್ ಗ್ರೂಪಿದೆ. ಅದರಲ್ಲಿ ಅವರು ಮಾತ್ರ ಬರೆಯಬಹುದಂತೆ, ನಾವು ಹೆಬ್ಬೆರಳು ತೋರಿಸಬಹುದಂತೆ. ಬೆಳಗಾದರೆ ಸಾಹೇಬರು ಸಸಿ ನೆಟ್ಟ ಫೋಟೋ. ಪ್ರತಿ ವರ್ಷ ಅದೇ ಗುಂಡಿ, ಸಸಿ ಮಾತ್ರ ಹೊಸದು.

ಪಕ್ಕದ ಹಳ್ಳಿಯ ದನಗಳು ಕಾಲುಬಾಯಿ ಬೇನೆಯಿಂದ ಜೊಲ್ಲು ಸುರಿಸುತ್ತ ಮೇವು ಬಿಟ್ಟಿವೆ ಎಂದು ಸುದ್ದಿಯಾಯಿತು. ನನಗಿರುವುದು ಒಂದೇ ಎಮ್ಮೆ. ಅದು ಮಲಗಿದರೆ ನಮ್ಮ ಒಲೆಯೂ ಮಲಗುತ್ತದೆ. ಸೂಜಿ ಹಾಕುವುದು ಯಾವಾಗ ಎಂದು ಪಂಚಾಯಿತಿಗೆ ಹೋಗಿ ಕೇಳಿದೆ.

“ನಿನ್ನೇನ ಡಾಕ್ಟರು ಬಂದು ಹೋದ್ರಲ್ಲಬೇ. ಗ್ರೂಪಿನಾಗ ಹಾಕಿದ್ವಿ” ಎಂದರು ಸಾಹೇಬರು.

“ನನ್ನ ಎಮ್ಮಿ ಆ ಗ್ರೂಪಿನಾಗ ಇಲ್ರಿ.”

ಅವರು ನಗಲಿಲ್ಲ. ಮೊಬೈಲು ನನ್ನ ಮೂಗಿಗೆ ಹಿಡಿದರು. “ನೋಡ್ರಿ, ಊರ ಮಂದಿ ಎಲ್ಲಾ ಹೆಬ್ಬೆರಳು ಒತ್ಯಾರ. ನಿಮ್ಮ ಸೊಸೀನೂ ಒತ್ಯಾಳ. ಅಂದ್ರ ಮಾಹಿತಿ ಮುಟ್ಟೇತಿ.”

“ಒತ್ತಿದವರು ಎಷ್ಟ ಎಮ್ಮಿ ತಂದ್ರು?”

“ಒಂದೂ ಬರಲಿಲ್ಲ. ಡಾಕ್ಟರು ಕುಂತು ಕುಂತು ಎದ್ದು ಹೋದ್ರು.”

“ಅವರನ್ನ ಇನ್ನೊಮ್ಮಿ ಕರಸ್ರಿ. ಮುಟ್ಟಸೂದು ನಾ ನೋಡ್ಕೋತೇನಿ.”

ಮನೆಗೆ ಬಂದು ಸೊಸೆಯನ್ನು ಕೇಳಿದರೆ, “ಸಸಿ ಫೋಟೋ ಇರಬೇಕಂತ ಒತ್ತಿದೆ ಅತ್ತಿ” ಎಂದಳು.

ಡಾಕ್ಟರು ಮತ್ತೆ ಬರುವ ದಿನ ಬೆಳಿಗ್ಗೆ ತಾಟು, ಸೌಟು ಹಿಡಿದು ಹೊರಬಿದ್ದೆ. “ಕೇಳ್ರಪೋ ಕೇಳ್ರಿ! ಇವತ್ತ ಸಂಜಿಮುಂದ ಚಾವಡಿ ಮುಂದ ದನಕ್ಕ ಸೂಜಿ! ಮೊಬೈಲ ಇಟ್ಟು ಹಗ್ಗಾ ಹಿಡೀರಿ!”

ಎದುರುಮನೆಯ ಗಂಗವ್ವ ಕಿಸಕ್ಕನೆ ನಕ್ಕಳು. “ಏನ ಯಕ್ಕಾ, ಸರಕಾರ ನಿನಗ ನೌಕರಿ ಕೊಟ್ಟೇತೇನ?”

“ಸರಕಾರದ ಬಾಯಿ ಬಿದ್ದೈತಿ, ನಂದು ಬಾಡಿಗಿ ತೊಗೊಂಡೈತಿ” ಎಂದೆ. ಅವಳ ಮಗಳು ಮೊಬೈಲು ಹಿಡಿದು ನಿಂತಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಸೊಸೆ ಓಡಿ ಬಂದಳು. “ಅತ್ತಿ, ನಿಮ್ಮ ವಿಡಿಯೋ ಎಲ್ಲಾ ಕಡೆ ಹೊಂಟೈತಿ!” ಕಟ್ಟೆಯ ಮೇಲೆ ಕುಳಿತು ನೋಡಿದೆ. ನನ್ನ ಮುಖವನ್ನು ನಾನು ಅಷ್ಟು ಹೊತ್ತು ಎಂದೂ ನೋಡಿದ್ದಿಲ್ಲ. ಕನ್ನಡಿ ಸುಮ್ಮನಿರುತ್ತದೆ, ಇದರಲ್ಲಿ ನಾನು ಬೈಯುವುದೂ ಕೇಳಿಸುತ್ತಿತ್ತು. ಚೆನ್ನಾಗಿಯೇ ಬೈದಿದ್ದೆ. “ಇನ್ನೊಮ್ಮಿ ಹಚ್ಚವಾ” ಎಂದೆ. ಮುಗಿಯಿತು. ಮತ್ತೆ ಹಚ್ಚಿಸಿದೆ. ನೋಡುತ್ತ ನೋಡುತ್ತ ಹೊತ್ತು ಇಳಿಯಿತು. ಓಣಿಯಲ್ಲಿ ಎಮ್ಮೆಗಳು ಒದರುತ್ತ ಸಾಲಾಗಿ ಹೋಗುತ್ತಿದ್ದವು. “ಲಗೂ ಹೊಡಕೊಂಡು ಹೋಗ್ರಿ, ಇಲ್ಲಿ ಏನೂ ಕೇಳಸವಲ್ದು!” ಎಂದು ಗದರಿದೆ.

ಗಂಗವ್ವ ತಿರುಗಿ ಬರುವಾಗ ನಿಂತಳು. “ಯಕ್ಕಾ, ಊರ ಎಮ್ಮಿಗೆಲ್ಲಾ ಸೂಜಿ ಆತು. ನಿಂದೆಲ್ಲಿ?”

ಹಗ್ಗ ಬಿಚ್ಚಿಕೊಂಡು ಓಡಿದೆ. ಡಾಕ್ಟರು ಖಾಲಿ ಡಬ್ಬಿಯನ್ನು ಗಾಡಿಗೆ ಕಟ್ಟುತ್ತಿದ್ದರು. “ಔಷಧ ಮುಗೀತ್ರಿ. ನಾಳೆ ಮುರಗೋಡ ದವಾಖಾನಿಗೆ ಹೊಡಕೊಂಡು ಬರ್ರಿ.”

ಮರುದಿನ ಬಿಸಿಲಲ್ಲಿ ಎಮ್ಮೆಯ ಜೊತೆ ಮುರಗೋಡದ ದಾರಿ ಹಿಡಿದೆ. ಹೊಲದ ಬದುವಿನಲ್ಲಿ ಕುಳಿತಿದ್ದ ಗುರುತಿಲ್ಲದ ಹೆಂಗಸೊಬ್ಬಳು ಕೂಗಿದಳು. “ತಾಟ ಬಾರಿಸಿದ ಅಜ್ಜಿ ಅಲ್ಲೇನ ನೀ? ನಿಮ್ಮೂರಿಗೇ ಡಾಕ್ಟರು ಬಂದಿದ್ರಂತಲ್ಲ, ನಮಗೂ ವಿಡಿಯೋ ಬಂದೈತಿ. ಮತ್ತ ಎಮ್ಮಿ ಹೊಡಕೊಂಡು ಎತ್ತ ಹೊಂಟಿ?”

ನಾನು ಹೆಬ್ಬೆರಳು ಎತ್ತಿ ತೋರಿಸಿ, ಹಗ್ಗ ಜಗ್ಗಿದೆ.